ಆಡಿಟರ್ ಮಾವನೂ ನನ್ನ ವಾರ್ನಿಂಗುಗಳೂ

ಕಂಪ್ಯೂಟರ್ ಪರದೆಯ ಮೇಲೆ ಬರುವ ಎಚ್ಚರಿಕೆಗಳನ್ನು ಯಾರೂ ಓದುವುದಿಲ್ಲ ಎಂಬ ನಂಬಿಕೆಯ ಮೇಲೆಯೇ ಸಾಫ್ಟ್‌ವೇರ್ ಉದ್ಯಮ ನಿಂತಿದೆ. ಹೇಗೂ ಯಾರೂ ಓದುವುದಿಲ್ಲವಲ್ಲ ಎಂದು ಬರೆಯುವವರು ಧೈರ್ಯವಾಗಿ ಬರೆಯುತ್ತಾರೆ. ಹೇಗೂ ಯಾರಿಗೂ ಅರ್ಥವಾಗುವುದಿಲ್ಲವಲ್ಲ ಎಂದು ಓದಬೇಕಾದವರು ಧೈರ್ಯವಾಗಿ ಬಿಡುತ್ತಾರೆ. ಈ ಒಳಒಪ್ಪಂದ ಸುಸೂತ್ರವಾಗಿ ನಡೆದುಕೊಂಡು ಬಂದಿದೆ, ಏಕೆಂದರೆ ನನ್ನ ಮಾವನವರಂಥವರು ಎಲ್ಲರ ಮನೆಯಲ್ಲೂ ಇರುವುದಿಲ್ಲ.

ಮಾವನವರು ಸರ್ಕಾರಿ ಲೆಕ್ಕಪರಿಶೋಧನೆಯಲ್ಲಿ ಇಡೀ ಸರ್ವಿಸು ಕಳೆದು ನಿವೃತ್ತರಾದವರು. ಲಗ್ನಪತ್ರಿಕೆ ಬಂದರೆ ಮುಹೂರ್ತಕ್ಕಿಂತ ಮೊದಲು ಯಾವ ಪ್ರೆಸ್ಸಿನಲ್ಲಿ ಅಚ್ಚಾಗಿದೆ ಎಂದು ನೋಡುತ್ತಾರೆ. ಮಾತ್ರೆಯ ಡಬ್ಬಿಯೊಳಗಿನ ಮಡಿಕೆ ಕಾಗದವನ್ನು ಬಿಡಿಸಿ, ಎರಡೂ ಬದಿ ಓದಿ, ಮತ್ತೆ ಅದೇ ಮಡಿಕೆಯಲ್ಲಿ ಮಡಿಚಿ ಒಳಗಿಡಬಲ್ಲ ಇನ್ನೊಬ್ಬ ಮನುಷ್ಯನನ್ನು ನಾನು ಕಂಡಿಲ್ಲ. ಹೋಟೆಲ್ ಬಿಲ್ಲಿನ ಕೆಳಗೆ ಸಣ್ಣ ಅಕ್ಷರದಲ್ಲಿ 'ತಪ್ಪು ಒಪ್ಪು ಬಿಟ್ಟು' ಎಂದಿದ್ದರೆ ಅವರ ಮುಖದಲ್ಲಿ ಒಂದು ಕಳೆ ಬರುತ್ತದೆ. ಬಿಟ್ಟದ್ದು ಏನೆಂದು ಹುಡುಕಿಯೇ ಕಾಫಿ ಕುಡಿಯುತ್ತಾರೆ.

ಇಂಥವರ ಕಣ್ಣಿಗೆ ಬೀಳುವ ಹಾಗೆ ನಾನೊಂದು ಪ್ರೋಗ್ರಾಮ್ ಬರೆದೆ. ಹೆಸರು 'ಮನೆಲೆಕ್ಕ'. ಹಾಲು, ಪೇಪರ್, ಗ್ಯಾಸ್, ಕೆಲಸದವರ ಸಂಬಳ, ಹೂವಿನವಳ ಬಾಕಿ ಎಲ್ಲವನ್ನೂ ಕೂಡಿ ತಿಂಗಳ ಕೊನೆಗೆ ಪಟ್ಟಿ ಕೊಡುವುದು ಅದರ ಕೆಲಸ. ಪಟ್ಟಿಯ ಕೊನೆಗೆ, ಅತ್ತೆಯವರ ಕೋರಿಕೆಯ ಮೇರೆಗೆ, ಆ ದಿನದ ಚಿನ್ನದ ದರ. ನಾಲ್ಕು ಗುಂಡಿ, ಎರಡು ಬಣ್ಣ ಇರುವ ಆ್ಯಪ್ ಮಾಡುವ ಕಲೆ ನನಗೆ ಒಲಿದಿಲ್ಲ. ಒಲಿಯದ ಕಲೆಯ ಬಗ್ಗೆ ಯಾರಾದರೂ ಕೇಳಿದರೆ 'ನಾನು ಸರಳತೆಯ ಪಕ್ಷಪಾತಿ' ಎಂದು ಹೇಳಿ ಗಂಭೀರವಾಗಿ ಕಿಟಕಿಯಾಚೆ ನೋಡುತ್ತೇನೆ. ಹಾಗಾಗಿ ಕಪ್ಪು ಪರದೆ, ಬಿಳಿ ಅಕ್ಷರ, ಕಮಾಂಡ್ ಲೈನ್. ಹಜಾರದಲ್ಲಿರುವ ಹಳೆಯ ಲಿನಕ್ಸ್ ಲ್ಯಾಪ್‌ಟಾಪಿನಲ್ಲಿ ಪ್ರೋಗ್ರಾಮಿನ ಹೆಸರು ಟೈಪಿಸಿ ಎಂಟರ್ ಒತ್ತಿದರಾಯಿತು.

ಬರೆದದ್ದು ಜಾವಾಸ್ಕ್ರಿಪ್ಟಿನಲ್ಲಿ. 1995ರಲ್ಲಿ ನೆಟ್‌ಸ್ಕೇಪ್ ಕಂಪನಿಯಲ್ಲಿ ಬ್ರೆಂಡನ್ ಐಕ್ ಹತ್ತು ದಿನಗಳಲ್ಲಿ ಅದರ ಮೊದಲ ರೂಪವನ್ನು ಕಟ್ಟಿದರು ಎಂದು ನಾನು ಹೆಮ್ಮೆಯಿಂದ ಹೇಳಿದಾಗ ಮಾವನವರು ಕನ್ನಡಕ ಕೆಳಗಿಳಿಸಿದರು. "ಹತ್ತು ದಿನ? ನಮ್ಮಲ್ಲಿ ಹತ್ತು ದಿನಕ್ಕೆ ಒಂದು ಕಡತ ಈ ಮೇಜಿನಿಂದ ಆ ಮೇಜಿಗೆ ಹೋದರೆ ಅದು ತುರ್ತು ಕಡತ." ಬ್ರೌಸರಿನೊಳಗೇ ಇದ್ದ ಆ ಭಾಷೆಗೆ ಹೊರಗೆ ಭದ್ರವಾದ ನೆಲೆ ಕೊಟ್ಟಿದ್ದು 2009ರಲ್ಲಿ ರಯಾನ್ ಡಾಲ್ ಬರೆದ ನೋಡ್. ನನ್ನ ಮನೆಲೆಕ್ಕ ಓಡುವುದೂ ಅದರ ಮೇಲೆಯೇ.

ಉದ್ಘಾಟನೆಗೆ ಮನೆಮಂದಿಯನ್ನೆಲ್ಲ ಕೂರಿಸಿದೆ. ಎಂಟರ್ ಒತ್ತಿದೆ. ಹಾಲಿಗಿಂತ ಮೊದಲು, ಪೇಪರಿಗಿಂತ ಮೊದಲು, ಪರದೆಯ ನೆತ್ತಿಯ ಮೇಲೆ ಬೇರೆಯೇ ಒಂದು ಸಾಲು ಮೂಡಿತು. ಮಾವನವರು ಅದನ್ನು ಮಂತ್ರ ಹೇಳುವವರ ಹಾಗೆ ಬಿಡಿಸಿ ಬಿಡಿಸಿ ಓದಿದರು. ಮೊದಲು ಕಂಸದಲ್ಲಿ ನೋಡ್, ಮುಂದೆ 4127 ಎಂಬ ಸಂಖ್ಯೆ. ಆಮೇಲೆ 'ಎಕ್ಸ್‌ಪೆರಿಮೆಂಟಲ್ ವಾರ್ನಿಂಗ್'. ಆಮೇಲೆ, ಫೆಚ್ ಎಂಬ ಸೌಲಭ್ಯ ಇನ್ನೂ ಪ್ರಯೋಗದ ಹಂತದಲ್ಲಿದೆ, ಯಾವಾಗ ಬೇಕಾದರೂ ಬದಲಾಗಬಹುದು ಎಂಬ ಇಂಗ್ಲಿಷ್ ವಾಕ್ಯಗಳು.

"ಅಳಿಯಂದಿರೇ, ನಮ್ಮ ಮನೆಯ ಲೆಕ್ಕ ಪ್ರಯೋಗಾರ್ಥವೇ?"

"ಲೆಕ್ಕ ಅಲ್ಲ ಮಾವ, ಇಂಟರ್ನೆಟ್ಟಿನಿಂದ ಚಿನ್ನದ ದರ ತರೋದು..."

ಅತ್ತೆಯವರು ಅಡುಗೆಮನೆಯಿಂದಲೇ ಹೇಳಿದರು: "ಚಿನ್ನದ ದರ ಯಾವಾಗ ಬೇಕಾದರೂ ಬದಲಾಗುತ್ತೆ ಅಂತ ಹೇಳೋಕೆ ಕಂಪ್ಯೂಟರ್ ಬೇಕಾ?"

ಮಾವನವರ ಗಮನ ಸಂಖ್ಯೆಯ ಮೇಲಿತ್ತು. "ಈ 4127 ಕಡತ ಸಂಖ್ಯೆಯೋ?" ಅದು ಆ ಹೊತ್ತಿಗೆ ಓಡುತ್ತಿರುವ ಪ್ರೋಗ್ರಾಮಿಗೆ ಆಪರೇಟಿಂಗ್ ಸಿಸ್ಟಮ್ ಕೊಡುವ ಕ್ರಮಸಂಖ್ಯೆ, ಪ್ರತಿ ಸಲವೂ ಬೇರೆ ಎಂದೆ. ಮತ್ತೆ ಓಡಿಸಿ ನೋಡಿದರು. ಸಂಖ್ಯೆ ಬೇರೆ, ಆಕ್ಷೇಪಣೆ ಅದೇ. "ಒಂದೇ ವಿಷಯಕ್ಕೆ ಸಲಕ್ಕೊಂದು ಕಡತ ತೆರೆಯುವ ಇಲಾಖೆ ಉದ್ಧಾರ ಆಗೋದಿಲ್ಲ" ಎಂದು ಷರಾ ಬರೆದು, ತಮ್ಮ ಹಳೆಯ ನೋಟುಪುಸ್ತಕ ತೆಗೆದು, ಹಾಲಿನ ಲೆಕ್ಕ ಬಾಯಲ್ಲೇ ಹೇಳಿದರು. ನನ್ನ ಪ್ರೋಗ್ರಾಮ್ ಕೊಟ್ಟದ್ದೂ ಅದೇ ಮೊತ್ತ. ಆದರೆ ಅವರ ನೋಟುಪುಸ್ತಕಕ್ಕೆ ವಾರ್ನಿಂಗ್ ಇರಲಿಲ್ಲ.

ಅಂದಿನಿಂದ ನನ್ನ ಜೀವನದ ಗುರಿ ಒಂದೇ ಆಯಿತು: ಆ ಸಾಲನ್ನು ಮಾಯ ಮಾಡುವುದು.

ಮೊದಲ ಉಪಾಯ ಹಳೆಯ ಯುನಿಕ್ಸ್ ಕಾಲದ್ದು. ಕಮಾಂಡ್ ಲೈನಿನ ಪ್ರೋಗ್ರಾಮಿಗೆ ಮಾತು ಹೊರಡುವ ಬಾಯಿ ಎರಡು. ಒಂದನೆಯದರಿಂದ ಫಲಿತಾಂಶ ಬರುತ್ತದೆ, ಎರಡನೆಯದರಿಂದ ತಕರಾರು. ಎರಡೂ ಒಂದೇ ಪರದೆಯ ಮೇಲೆ ಬೀಳುವುದರಿಂದ ನೋಡುವವರಿಗೆ ಭೇದ ತಿಳಿಯುವುದಿಲ್ಲ. ಈ ಎರಡನೇ ಬಾಯಿ ಹುಟ್ಟಿದ್ದಕ್ಕೆ ಒಂದು ಕಥೆಯಿದೆ. 1970ರ ದಶಕದಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಫೋಟೋ ಟೈಪ್‌ಸೆಟ್ಟಿಂಗ್ ಯಂತ್ರಕ್ಕೆ ಕೆಲಸ ಒಪ್ಪಿಸಿ, ಕಾಗದವನ್ನು ರಸಾಯನದಲ್ಲಿ ತೊಳೆದು ಹೊರತೆಗೆದರೆ, ಇಡೀ ಹಾಳೆಯಲ್ಲಿ ಬಹಳ ಚಂದದ ಅಚ್ಚಿನಲ್ಲಿ ಒಂದೇ ಸಾಲು ಇರುತ್ತಿತ್ತಂತೆ: ಇಂಥ ಫೈಲ್ ತೆರೆಯಲಾಗಲಿಲ್ಲ. ಬಯ್ಗುಳ ಸರಿಯಾದವರ ಕಿವಿಗೆ ಬಿದ್ದು, ತಕರಾರಿಗೆ ಪ್ರತ್ಯೇಕ ದಾರಿ ಮಾಡಿದರು. ಅದೇ ಸ್ಟ್ಯಾಂಡರ್ಡ್ ಎರರ್, ಕ್ರಮಸಂಖ್ಯೆ 2.

ದಾರಿ ಬೇರೆ ಇದ್ದರೆ ಮುಚ್ಚುವುದೂ ಸುಲಭ. 2 ಎಂದು ಬರೆದು, ಬಾಣದ ಗುರುತು ಹಾಕಿ, ಡೆವ್ ನಲ್ ಎಂಬ ಕಡೆಗೆ ತಿರುಗಿಸಿದರೆ ಮುಗಿಯಿತು. ಯುನಿಕ್ಸಿನಲ್ಲಿ ಅಲ್ಲಿಗೆ ಹೋದದ್ದು ಯಾವುದೂ ಮರಳುವುದಿಲ್ಲ. ಪರದೆ ಸ್ವಚ್ಛವಾಯಿತು. ಹೆಂಡತಿ "ಈಗ ನೋಡೋಕೆ ಚೆನ್ನಾಗಿದೆ ರೀ" ಎಂದಳು. ಮದುವೆಯಾದಂದಿನಿಂದ ನನ್ನ ಪ್ರೋಗ್ರಾಮಿಗೆ ಸಿಕ್ಕಿದ ಮೊದಲ ಪ್ರಶಸ್ತಿ ಅದು.

ಒಂದು ಸಂಜೆ ಮಳೆ ಬಂದು ಇಂಟರ್ನೆಟ್ ಹೋಯಿತು. ಅತ್ತೆಯವರು ಎಂಟರ್ ಒತ್ತಿದರು. ದರ ತರಲಾಗದ ಪ್ರೋಗ್ರಾಮ್ ಎರಡನೇ ಬಾಯಿಯಿಂದ ಅರಚಿಕೊಂಡು ಸತ್ತಿತು. ಆ ಬಾಯಿ ಮುಚ್ಚಿದ್ದರಿಂದ ಯಾರಿಗೂ ಕೇಳಲಿಲ್ಲ. ಖಾಲಿ ಪರದೆ. ಅತ್ತೆಯವರು ತಂಗಿಗೆ ಫೋನ್ ಮಾಡಿ ಹೇಳಿದ್ದು ನನಗೆ ಕೇಳಿಸಿತು: "ಇವತ್ತು ಚಿನ್ನಕ್ಕೆ ದರವೇ ಬಂದಿಲ್ಲವಂತೆ ಕಣೆ. ನಮ್ಮ ಅಳಿಯಂದಿರ ಕಂಪ್ಯೂಟರ್‌ನಲ್ಲಿ ನೋಡಿದೆ." ಮಾರುಕಟ್ಟೆ ಮುಚ್ಚಿದೆ ಎಂಬ ಸುದ್ದಿ ರಾತ್ರಿ ಊಟದ ಹೊತ್ತಿಗೆ ಮೂರು ಮನೆಗಳಿಗೆ ಹಬ್ಬಿತ್ತು. ಎಚ್ಚರಿಕೆಯೂ ದೋಷವೂ ಒಂದೇ ದಾರಿಯಲ್ಲಿ ಬರುತ್ತವೆ. ಒಂದನ್ನು ತಡೆಯಲು ದಾರಿಯನ್ನೇ ಮುಚ್ಚಿದರೆ ಇನ್ನೊಂದೂ ಗೋಡೆಯಾಚೆ ಉಳಿಯುತ್ತದೆ.

ನೋಡ್‌ಗೇ ಹೇಳಿ ಬಾಯಿ ಮುಚ್ಚಿಸುವುದು ಮುಂದಿನ ಹೆಜ್ಜೆ. ಎರಡು ಅಡ್ಡಗೆರೆ ಹಾಕಿ 'ನೋ-ವಾರ್ನಿಂಗ್ಸ್' ಎಂದರೆ ದೋಷಗಳನ್ನು ಮುಟ್ಟದೆ ಎಚ್ಚರಿಕೆಗಳನ್ನಷ್ಟೇ ಅಡಗಿಸುತ್ತದೆ. 2016ರ 6ನೇ ಆವೃತ್ತಿಯಿಂದ ಇರುವ ಸೌಲಭ್ಯ. ತೊಂದರೆ ಎಂದರೆ ಅದನ್ನು ಪ್ರತಿ ಸಲ ಟೈಪಿಸಬೇಕು. ಹೆಂಡತಿ ಒಂದು ಹೆಸರು ಟೈಪಿಸುವುದಕ್ಕೇ ನನ್ನ ಮೇಲೆ ಉಪಕಾರ ಮಾಡುತ್ತಿರುವಂತೆ ಟೈಪಿಸುತ್ತಾಳೆ. ಅಡ್ಡಗೆರೆಗಳನ್ನೂ ಹಾಕು ಎಂದು ಹೇಳುವ ಎದೆ ನನಗಿಲ್ಲ.

ಯುನಿಕ್ಸಿನಲ್ಲಿ ಪ್ರೋಗ್ರಾಮಿನ ಮೊದಲ ಸಾಲಿನಲ್ಲೇ ಹ್ಯಾಶ್ ಗುರುತು, ಆಶ್ಚರ್ಯಸೂಚಕ ಹಾಕಿ ಇದನ್ನು ಯಾರು ಓಡಿಸಬೇಕು ಎಂದು ಬರೆದಿಡುವ ಪದ್ಧತಿಯಿದೆ. ಶೆಬ್ಯಾಂಗ್ ಎನ್ನುತ್ತಾರೆ. ಅಲ್ಲಿ 'ಎನ್ವ್' ಎಂಬ ಪದದ ಮುಂದೆ 'ನೋಡ್' ಎಂದಷ್ಟೇ ಇದ್ದದ್ದನ್ನು 'ನೋಡ್ ನೋ-ವಾರ್ನಿಂಗ್ಸ್' ಎಂದು ತಿದ್ದಿ, ಮಗಳನ್ನು ಕರೆದು ಓಡಿಸು ಎಂದೆ. ಎಂಟನೇ ಕ್ಲಾಸಿನ ಮಗಳು ಪರದೆ ನೋಡಿ ಹೇಳಿದಳು: "ಅಪ್ಪಾ, ಆ ಹೆಸರಿನವರು ಇಲ್ಲಿ ಯಾರೂ ಇಲ್ವಂತೆ."

ಮಗು ಹೇಳಿದ್ದು ಅಕ್ಷರಶಃ ಸರಿ. ಲಿನಕ್ಸ್ ಆ ಸಾಲಿನಲ್ಲಿ ಮೊದಲ ಹೆಸರಿನ ನಂತರ ಬರುವುದನ್ನೆಲ್ಲ ಒಂದೇ ತುಂಡಾಗಿ ಹಿಡಿದುಕೊಳ್ಳುತ್ತದೆ. 'ನೋಡ್ ನೋ-ವಾರ್ನಿಂಗ್ಸ್' ಎಂಬ ಜೋಡಿ ಹೆಸರಿನ ಒಬ್ಬನೇ ವ್ಯಕ್ತಿಯನ್ನು ತನಗೆ ಗೊತ್ತಿರುವ ಜಾಗಗಳಲ್ಲೆಲ್ಲ ಹುಡುಕಿ, ಕೊನೆಗೆ ಅಂಥ ಫೈಲ್ ಇಲ್ಲವೆಂದು ಕೈಚೆಲ್ಲುತ್ತದೆ. ಅಮೆರಿಕದಲ್ಲಿರುವ ಭಾವಮೈದುನ ತನ್ನ ಮ್ಯಾಕ್‌ನಲ್ಲಿ ಓಡಿಸಿ "ಇಲ್ಲಿ ಸರಿಯಾಗೇ ಇದೆಯಲ್ಲ ಭಾವ" ಎಂದ. ಮ್ಯಾಕ್ ಆ ಸಾಲನ್ನು ಪದ ಪದವಾಗಿ ಬಿಡಿಸಿಕೊಳ್ಳುತ್ತದೆ, ಅದಕ್ಕೇ ಅಲ್ಲಿ ಓಡುತ್ತದೆ. ಆದರೆ ಈ ಸೂಕ್ಷ್ಮವನ್ನು ನಾನು ವಿವರಿಸುವಷ್ಟರಲ್ಲಿ ಹೆಂಡತಿ ತೀರ್ಪು ಕೊಟ್ಟಾಗಿತ್ತು: "ನೋಡಿ, ನಮ್ಮ ಕಡೆಯವರು ಮುಟ್ಟಿದರೆ ಸರಿಯಾಗುತ್ತೆ."

ಲಿನಕ್ಸಿಗೂ ಮದ್ದಿದೆ. ಅದೇ ಸಾಲಿನಲ್ಲಿ 'ಎನ್ವ್' ಎಂಬ ಪದದ ಮುಂದೆ ಒಂದು ಅಡ್ಡಗೆರೆ, ದೊಡ್ಡಕ್ಷರದ ಎಸ್ ಹಾಕಿದರೆ ಅದೂ ಬಿಡಿಸಿ ಓದುತ್ತದೆ. ಗ್ನೂ ಸಾಧನಗಳಿಗೆ ಇದು ಬಂದದ್ದು 2018ರ 8.30 ಆವೃತ್ತಿಯಲ್ಲಿ. ಹಜಾರದಲ್ಲಿದ್ದ ಲ್ಯಾಪ್‌ಟಾಪಿನ ಲಿನಕ್ಸ್ ಅದಕ್ಕಿಂತ ಹಿರಿಯದು. ಮನೆಯ ಹಿರಿಯರಿಗೆ ಹೊಸ ಅಭ್ಯಾಸ ಕಲಿಸುವ ಗೋಜಿಗೆ ನಾನು ಹೋಗುವುದಿಲ್ಲ.

ಕೊನೆಗೆ ಬ್ರಹ್ಮಾಸ್ತ್ರ ತೆಗೆದೆ. ಶೆಲ್ ತೆರೆದಾಗಲೆಲ್ಲ ಓದುವ ಬ್ಯಾಷ್‌ಆರ್‌ಸಿ ಫೈಲಿನಲ್ಲಿ 'ನೋಡ್ ಆಪ್ಷನ್ಸ್' ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್‌ಗೆ ನೋ-ವಾರ್ನಿಂಗ್ಸ್ ಎಂದು ಬರೆದಿಟ್ಟೆ. ಇನ್ನು ಯಾರೂ ಏನೂ ಟೈಪಿಸಬೇಕಿಲ್ಲ. ಆ ಯಂತ್ರದಲ್ಲಿ ಓಡುವ ಪ್ರತಿಯೊಂದು ನೋಡ್ ಪ್ರೋಗ್ರಾಮ್, ಅದು ಹುಟ್ಟಿಸುವ ಮರಿ ಪ್ರೋಗ್ರಾಮ್, ಮರಿಯ ಮರಿ, ಎಲ್ಲಕ್ಕೂ ಮೌನವ್ರತ. ಹಾಲು, ಪೇಪರ್, ಗ್ಯಾಸ್, ಚಿನ್ನ. ಒಂದು ಅಕ್ಷರ ಹೆಚ್ಚಿಲ್ಲ, ಒಂದು ಅಕ್ಷರ ಕಡಿಮೆಯಿಲ್ಲ.

ತಿಂಗಳ ಕೊನೆ ಬಂತು. ಮಾವನವರು ಪಟ್ಟಿಯನ್ನು ಮೇಲಿನಿಂದ ಕೆಳಗೆ ನೋಡಿದರು. ಕೆಳಗಿನಿಂದ ಮೇಲೆ ನೋಡಿದರು. ಪರದೆಯ ನೆತ್ತಿಯ ಮೇಲೆ ಬೆರಳಿಟ್ಟು ಕೇಳಿದರು: "ಇಲ್ಲಿ ಇದ್ದದ್ದು ಎಲ್ಲಿ?"

"ಸರಿಹೋಯ್ತು ಮಾವ."

"ಸರಿಹೋಯಿತೋ, ಸುಮ್ಮನಾಯಿತೋ?"

ನಾನು ಸುಮ್ಮನಾದೆ. ಅವರು ಕುರ್ಚಿ ಎಳೆದುಕೊಂಡು ಕೂತರು. ಹಿಂದೆ ಎಷ್ಟೋ ತಾಲ್ಲೂಕು ಕಚೇರಿಗಳ ಗುಮಾಸ್ತರು ಬೆವೆತಿರಬಹುದಾದ ದನಿಯಲ್ಲಿ ಹೇಳಿದರು: "ಆಕ್ಷೇಪಣೆ ಇಲ್ಲದ ಲೆಕ್ಕ ಎರಡೇ ಥರ ಇರುತ್ತೆ ಅಳಿಯಂದಿರೇ. ಒಂದು, ಯಾರೂ ಖರ್ಚೇ ಮಾಡದ ಲೆಕ್ಕ. ಇನ್ನೊಂದು, ಯಾರೋ ಆಕ್ಷೇಪಣೆಯ ಹಾಳೆ ಹರಿದ ಲೆಕ್ಕ. ನಮ್ಮ ಮನೆಯಲ್ಲಿ ಖರ್ಚಂತೂ ಆಗಿದೆ."

ಬ್ಯಾಷ್‌ಆರ್‌ಸಿಯ ವಿಷಯ ಹೇಳಲೇಬೇಕಾಯಿತು. ಅವರು ತಾಂತ್ರಿಕ ವಿವರವನ್ನು ಅರ್ಧಕ್ಕೇ ನಿಲ್ಲಿಸಿ ಸಾರಾಂಶ ಕೊಟ್ಟರು: "ಅಂದರೆ ಒಂದು ಕಚೇರಿಯ ಆಕ್ಷೇಪಣೆ ತಡೆಯೋಕೆ ಇಡೀ ಜಿಲ್ಲೆಯ ಆಡಿಟ್ ರದ್ದು ಮಾಡಿದ್ದೀರಿ." ನೋಡ್ ಆಪ್ಷನ್ಸ್ ಬಗ್ಗೆ ಇದಕ್ಕಿಂತ ಸ್ಪಷ್ಟವಾದ ವಿವರಣೆಯನ್ನು ನಾನು ಯಾವ ಕೈಪಿಡಿಯಲ್ಲೂ ಓದಿಲ್ಲ.

ಸೇವಾ ನಿಯಮದ ಪ್ರಕಾರ ಎಲ್ಲ ಆಕ್ಷೇಪಣೆಗಳನ್ನೂ ಪುನಃ ಹಾಜರುಪಡಿಸಬೇಕು ಎಂದು ಆದೇಶವಾಯಿತು. ಹೇಗೂ ಎಲ್ಲ ಬಯಲಾಗುವುದಾದರೆ ಬೇರಿನಲ್ಲೇ ಸರಿಮಾಡೋಣವೆಂದು, ಲಿನಕ್ಸನ್ನೂ ಹೊಸದು ಮಾಡಿ, 18ರಲ್ಲಿದ್ದ ನೋಡ್ ಅನ್ನು 22ನೇ ಆವೃತ್ತಿಗೆ ಏರಿಸಿದೆ. 18ನೇ ಆವೃತ್ತಿ ಬಂದದ್ದು 2022ರಲ್ಲಿ. ಫೆಚ್ ಆಗಿನ್ನೂ ಪ್ರೊಬೇಷನರಿ. 21ನೇ ಆವೃತ್ತಿಯಲ್ಲಿ ಅದರ ಸೇವೆ ಖಾಯಂ ಆಯಿತು. ನಿಜಕ್ಕೂ ಆ ಸಾಲು ಹೋಯಿತು! ಅದರ ಜಾಗದಲ್ಲಿ ಎರಡು ಹೊಸ ಸಾಲು ಬಂದಿದ್ದವು.

ಹೊಸತನ್ನು ಹಾಕುವಾಗ, ನೋಡ್‌ಗೆ ಪ್ಯಾಕೇಜುಗಳನ್ನು ತಂದುಕೊಡುವ ಎನ್‌ಪಿಎಂ ಕೂಡ ತನ್ನ ಪಾಲಿನ ಗೊಣಗಾಟ ಮುಗಿಸಿತು. ಇಂಥ ಪ್ಯಾಕೇಜ್ ಹಳತಾಗಿದೆ, ಇಂಥದ್ದನ್ನು ಯಾರೂ ನೋಡಿಕೊಳ್ಳುತ್ತಿಲ್ಲ ಎಂಬ ಸಾಲುಗಳ ಕೊನೆಗೆ, ಇಷ್ಟು ಪ್ಯಾಕೇಜುಗಳು ಹಣಸಹಾಯ ಎದುರುನೋಡುತ್ತಿವೆ ಎಂಬ ಒಕ್ಕಣೆ. ಇವು ನೋಡ್‌ನ ಎಚ್ಚರಿಕೆಗಳಲ್ಲ, ಎನ್‌ಪಿಎಂನ ಸ್ವಂತ ಮಾತು. ಹಾಗಾಗಿ ನೋ-ವಾರ್ನಿಂಗ್ಸ್ ಇವನ್ನು ಮುಟ್ಟುವುದಿಲ್ಲ. ಅವಕ್ಕೆ ಲಾಗ್‌ಲೆವೆಲ್ ಇಳಿಸಬೇಕು, ಹಣದ ಕೋರಿಕೆಗೆ 'ನೋ-ಫಂಡ್' ಎನ್ನಬೇಕು. ಮಾವನವರು ಓದಿ ಅರ್ಥ ಹೇಳಿದಾಗ ಅತ್ತೆಯವರು "ಪಾಪ, ಕೇಳೋರಿಗೆ ಇಲ್ಲ ಅನ್ನಬಾರದು, ಏನಾದರೂ ಕೊಡಿ" ಎಂದರು. ಜಗತ್ತಿನ ಸಾವಿರಾರು ಕಂಪನಿಗಳು ಆ ಸಾಲನ್ನು ದಾಟಿಕೊಂಡು ಹೋಗಿವೆ. ಓದಿ ಕರಗಿದವರು ಬಹುಶಃ ನಮ್ಮ ಅತ್ತೆ ಒಬ್ಬರೇ.

ಇನ್ನು ಹೊಸ ಆಕ್ಷೇಪಣೆಗಳು. ಮೊದಲನೆಯದರ ಸಂಕೇತ ಡಿಇಪಿ 0040: ಪ್ಯೂನಿಕೋಡ್ ಎಂಬ ಮಾಡ್ಯೂಲ್ ಬಳಕೆಯಿಂದ ಹೋಗಲಿದೆ, ಹೊರಗಿನ ಪರ್ಯಾಯ ನೋಡಿಕೊಳ್ಳಿ. ನಾನು ಬರೆದ ಸಾಲುಗಳಲ್ಲಿ ಪ್ಯೂನಿಕೋಡ್ ಎಂಬ ಹೆಸರೇ ಇಲ್ಲವೆಂದು ಆಣೆ ಹಾಕಿದೆ. "ಆಣೆ ಬೇಡ, ದಾಖಲೆ ಕೊಡಿ" ಎಂದರು ಮಾವ. 'ಟ್ರೇಸ್-ಡೆಪ್ರಿಕೇಷನ್' ಎಂದು ಸೇರಿಸಿ ಓಡಿಸಿದರೆ ಕರೆದವರ ವಂಶಾವಳಿಯೇ ಹೊರಬಂತು. ನಾನು ಕರೆದದ್ದು ಒಂದು ಪ್ಯಾಕೇಜನ್ನು. ಅದು ಕರೆದದ್ದು ವೆಬ್ ವಿಳಾಸ ಬಿಡಿಸುವ ಇನ್ನೊಂದನ್ನು. ಅದು ಮತ್ತೊಂದನ್ನು, ಆ ಮತ್ತೊಂದು ಪ್ಯೂನಿಕೋಡನ್ನು. ಮರಿಮೊಮ್ಮಗ ಮಾಡಿದ್ದಕ್ಕೆ ಮುತ್ತಾತನ ಮನೆ ಬಾಗಿಲಿಗೆ ನೋಟಿಸು.

"ಅಷ್ಟಕ್ಕೂ ಈ ಪ್ಯೂನಿಕೋಡ್ ಮಾಡುತ್ತಿದ್ದ ಕೆಲಸವೇನು?" ಎಂದರು. ಇಲ್ಲಿ ನನಗೊಂದು ಅವಕಾಶ ಸಿಕ್ಕಿತು. ಇಂಟರ್ನೆಟ್ಟಿನ ವಿಳಾಸ ಪದ್ಧತಿ ಇಂಗ್ಲಿಷ್ ಅಕ್ಷರ, ಅಂಕಿ, ಅಡ್ಡಗೆರೆಗಳ ಲೋಕದಲ್ಲಿ ಬೆಳೆದದ್ದು. ಕನ್ನಡದಲ್ಲಿ ವಿಳಾಸ ಬರೆದರೆ ಅದನ್ನು ಒಳಗೆ ಇಂಗ್ಲಿಷ್ ಅಕ್ಷರಗಳ ಸರಮಾಲೆಯಾಗಿ ಬದಲಿಸುವ ವಿಧಾನವೇ ಪ್ಯೂನಿಕೋಡ್. 2003ರಲ್ಲಿ ಗೊತ್ತುಪಡಿಸಿದ್ದು. ಕನ್ನಡ ಲಿಪಿಯಲ್ಲಿ ಚುಕ್ಕಿ ಹಾಕಿ 'ಭಾರತ' ಎಂದು ಕೊನೆಯಾಗುವ ವಿಳಾಸಗಳಿವೆ. ಆ 'ಭಾರತ'ವನ್ನು ಯಂತ್ರ ಓದುವುದು ಹೀಗೆ: ಎಕ್ಸ್, ಎನ್, ಎರಡು ಅಡ್ಡಗೆರೆ, 2, ಎಸ್, ಸಿ, ಆರ್, ಜೆ, 9, ಸಿ.

ಮಾವನವರು ಅದನ್ನು ನೋಟುಪುಸ್ತಕದಲ್ಲಿ ಬರೆದುಕೊಂಡರು. ಸ್ವಲ್ಪ ಹೊತ್ತು ನೋಡಿ ಹೇಳಿದರು: "ಕನ್ನಡದ ಅರ್ಜಿಗೆ ಇಂಗ್ಲಿಷ್ ನಮೂನೆಯಲ್ಲಿ ಟಿಪ್ಪಣಿ ಹಾಕುತ್ತಿದ್ದ ಗುಮಾಸ್ತ. ಅವನನ್ನು ಯಾಕೆ ತೆಗೀತಾರೆ?" ಕೆಲಸ ನಿಲ್ಲುವುದಿಲ್ಲ, ನೋಡ್‌ನ ಒಳಗಿದ್ದ ಆ ಹಳೆಯ ಪ್ರತಿಯನ್ನು ಬಿಟ್ಟು ಹೊರಗಿನ ಪ್ಯಾಕೇಜ್ ಬಳಸಿ ಎನ್ನುತ್ತಿದ್ದಾರೆ ಎಂದೆ. "ಹೊರಗುತ್ತಿಗೆ!" ಎಂದರು. ಅವರ ಸೇವಾವಧಿಯ ಇಡೀ ದುಃಖ ಆ ಒಂದು ಪದದಲ್ಲಿತ್ತು.

ಎರಡನೆಯ ಆಕ್ಷೇಪಣೆ ಇನ್ನೂ ಗಂಭೀರ. 22ನೇ ಆವೃತ್ತಿಯ ಸರಣಿಯಲ್ಲಿ ಎಸ್‌ಕ್ಯೂಲೈಟ್ ಎಂಬ ಡೇಟಾಬೇಸ್ ನೋಡ್‌ನ ಒಳಗೇ ಸಿಗುವಂತಾಗಿದೆ ಎಂದು ಕೇಳಿದ್ದೇ ತಡ, ಮನೆಯ ಇಡೀ ಲೆಕ್ಕವನ್ನು ಅದಕ್ಕೆ ಸಾಗಿಸಿದ್ದೆ. ಯಾವ ಅಗತ್ಯವೂ ಇರಲಿಲ್ಲ. ನಾಲ್ಕು ಹಾಲಿನ ಪ್ಯಾಕೆಟ್ಟಿನ ಲೆಕ್ಕಕ್ಕೆ ಡೇಟಾಬೇಸ್ ಇಡುವ ಮನುಷ್ಯ ನಾನು. ಆಗ ಅದನ್ನು ಬಳಸಲು 'ಇದು ಪ್ರಯೋಗಾರ್ಥ ಎಂದು ಗೊತ್ತು' ಎಂಬರ್ಥದ ಒಂದು ಆಪ್ಷನ್ ಕೊಟ್ಟು ಮೊದಲೇ ಒಪ್ಪಿಕೊಳ್ಳಬೇಕಿತ್ತು. ಒಪ್ಪಿಕೊಂಡು ಒಳಗೆ ಹೋದ ಮೇಲೂ ಎಚ್ಚರಿಕೆ ತಪ್ಪಲಿಲ್ಲ: ಎಸ್‌ಕ್ಯೂಲೈಟ್ ಪ್ರಯೋಗದಲ್ಲಿದೆ, ಯಾವಾಗ ಬೇಕಾದರೂ ಬದಲಾದೀತು. ಈ ಸಲ "ಲೆಕ್ಕ ಪ್ರಯೋಗಾರ್ಥವೇ?" ಎಂಬ ಮಾವನವರ ಪ್ರಶ್ನೆಗೆ ಉತ್ತರ 'ಹೌದು' ಎಂದೇ ಆಗಿತ್ತು.

ಎಚ್ಚರಿಕೆಗಳನ್ನು ಕಡೆಗಣಿಸಿದರೆ ಏನಾಗುತ್ತದೆ ಎಂಬುದಕ್ಕೆ ನೋಡ್‌ನ ಚರಿತ್ರೆಯಲ್ಲೇ ಬೇಕಾದಷ್ಟು ಸಾಕ್ಷಿಗಳಿವೆ. ಅವನ್ನು ಮಾವನವರಿಗೆ ಹೇಳಿದ್ದು ನಾನೇ, ನನ್ನ ವಿರುದ್ಧವೇ ಬಳಕೆಯಾಗುತ್ತವೆಂದು ಗೊತ್ತಿದ್ದೂ. ಹಿಂದೆ ಬಫರ್ ಎಂಬುದಕ್ಕೆ ಒಂದು ಸಂಖ್ಯೆ ಕೊಟ್ಟು ಕರೆದರೆ ಅಷ್ಟು ಬೈಟ್ ಜಾಗ ಕೊಡುತ್ತಿತ್ತು, ಆದರೆ ತೊಳೆಯದೆ. ಆ ಜಾಗದಲ್ಲಿ ಮೊದಲಿದ್ದ ಮಾಹಿತಿ, ಅದು ಯಾರದೋ ಪಾಸ್‌ವರ್ಡ್ ಆಗಿದ್ದರೂ, ಹಾಗೇ ಬಿದ್ದಿರುತ್ತಿತ್ತು. ಆ ಕ್ರಮ ಬಿಡಿ ಎಂದು 6ನೇ ಆವೃತ್ತಿಯ ಕೈಪಿಡಿಯಲ್ಲಿ ಬರೆದರು. 2018ರ 10ನೇ ಆವೃತ್ತಿಯಿಂದ ಪರದೆಯ ಮೇಲೇ ಎಚ್ಚರಿಸಿದರು. "ಹಳೇ ಕಡತದ ಹಾಳೆ ತೆಗೆಯದೆ ಅದೇ ರಟ್ಟು ಇನ್ನೊಬ್ಬರಿಗೆ ಕೊಟ್ಟ ಹಾಗೆ" ಎಂದು ಮಾವನವರು ತಲೆದೂಗಿದರು. ಅಂಥದ್ದನ್ನು ಅವರು ಕಂಡಿದ್ದಾರೆ, ಆ ಕಡತದ ಬಣ್ಣವೂ ಅವರಿಗೆ ನೆನಪಿದೆ.

ಪ್ರಾಮಿಸ್‌ನದು ಇನ್ನೂ ಪಾಠದ ಕಥೆ. ಜಾವಾಸ್ಕ್ರಿಪ್ಟಿನಲ್ಲಿ ಪ್ರಾಮಿಸ್ ಎಂದರೆ ಫಲಿತಾಂಶವನ್ನು ಆಮೇಲೆ ಕೊಡುತ್ತೇನೆಂಬ ಮಾತು. ಅದು ಮುರಿದುಬಿದ್ದಾಗ ಯಾರೂ ಹಿಡಿಯದಿದ್ದರೆ, ಮುಂದೊಂದು ದಿನ ಇಂಥ ತಪ್ಪಿಗೆ ಪ್ರೋಗ್ರಾಮನ್ನೇ ನಿಲ್ಲಿಸುತ್ತೇವೆ ಎಂದು ನೋಡ್ 2016ರಿಂದ ಹೇಳುತ್ತ ಬಂತು. ನನ್ನಂಥವರು ನೋ-ವಾರ್ನಿಂಗ್ಸ್ ಹಾಕಿಕೊಂಡು ನೆಮ್ಮದಿಯಾಗಿದ್ದರು. 2020ರ ಅಕ್ಟೋಬರಿನಲ್ಲಿ 15ನೇ ಆವೃತ್ತಿ ಬಂತು, ಹೇಳಿದ್ದನ್ನು ಮಾಡಿತು. ಅಲ್ಲಿಯವರೆಗೆ ಕುಂಟುತ್ತ ನಡೆದಿದ್ದ ಪ್ರೋಗ್ರಾಮುಗಳು ನಿಂತಲ್ಲೇ ಬಿದ್ದವು. "ನಾಲ್ಕು ವರ್ಷ ನೋಟಿಸ್ ಕೊಟ್ಟು ಆಮೇಲೆ ಅಮಾನತು. ಇದಕ್ಕಿಂತ ನ್ಯಾಯವಾದ ಇಲಾಖೆ ಇಲ್ಲ" ಎಂದು ಮಾವನವರು ನೋಡ್ ಮೇಲೆ ಮೊದಲ ಬಾರಿಗೆ ಗೌರವ ತೋರಿಸಿದರು. ರಯಾನ್ ಡಾಲ್ 2018ರಲ್ಲಿ ಬರ್ಲಿನ್ನಿನಲ್ಲಿ ನಿಂತು, ನೋಡ್ ಬಗ್ಗೆ ತನಗೆ ಪಶ್ಚಾತ್ತಾಪವಿರುವ ಹತ್ತು ಸಂಗತಿಗಳು ಎಂಬ ಭಾಷಣವನ್ನೇ ಮಾಡಿದ್ದಾನೆ ಎಂದಾಗ ಗೌರವ ಇನ್ನೂ ಹೆಚ್ಚಿತು. "ತನ್ನ ಕಚೇರಿಗೆ ತಾನೇ ಆಡಿಟ್ ಮಾಡಿಕೊಂಡವನು!" ನನ್ನ ಕಡೆ ತಿರುಗಿ ಅವರು ಏನೂ ಹೇಳಲಿಲ್ಲ, ನೋಡಿದರು ಅಷ್ಟೆ.

ಎಲ್ಲ ಎಚ್ಚರಿಕೆಗಳೂ ಇಷ್ಟು ಗಂಭೀರವಲ್ಲ. ಒಂದೇ ಘಟನೆಗೆ ಹತ್ತಕ್ಕಿಂತ ಹೆಚ್ಚು ಕೇಳುಗರು ಸೇರಿದರೆ ನೋಡ್ 'ಮೆಮೊರಿ ಸೋರುತ್ತಿರಬಹುದು' ಎಂದು ಅನುಮಾನಪಡುತ್ತದೆ. ಹನ್ನೊಂದನೆಯವನು ಬಂದಾಗ ಗಂಟೆ ಬಾರಿಸುತ್ತದೆ. ಈ ಎಚ್ಚರಿಕೆ ನಮ್ಮ ಮನೆಗೆ ಸಂಬಂಧಿಸಿದ್ದಲ್ಲ, ಇಲ್ಲಿ ನಾನು ಮಾತಾಡಿದರೆ ಒಬ್ಬ ಕೇಳುಗನೂ ಇರುವುದಿಲ್ಲ. ನೋಡ್‌ಗೆ ಇನ್ನೊಂದು ಸಭ್ಯತೆಯೂ ಇದೆ. ಹಳತಾದದ್ದರ ಬಗ್ಗೆ ಒಂದು ಸಂಕೇತದ ಎಚ್ಚರಿಕೆಯನ್ನು ಒಂದು ಓಟದಲ್ಲಿ ಒಂದೇ ಸಲ ಹೇಳುತ್ತದೆ. ಆ ಗುಣ ಮನೆಮಂದಿಗೂ ಬರಲಿ ಎಂದು ನಾನು ಬಹಿರಂಗವಾಗಿ ಹಾರೈಸುವುದಿಲ್ಲ.

ಕೊನೆಗೆ ಮಾವನವರೇ ದಾರಿ ತೋರಿಸಿದರು. "ಆಕ್ಷೇಪಣೆಯನ್ನು ಕಕ್ಷಿದಾರರ ಮುಂದೆ ಓದೋದಿಲ್ಲ ಅಳಿಯಂದಿರೇ. ಪಿಂಚಣಿ ಕೇಳಿಕೊಂಡು ಬಂದ ಮುದುಕಿಗೆ ನಿಮ್ಮ ಕಚೇರಿಯ ಕಂಡಿಕೆ ಯಾಕೆ? ಹಾಗಂತ ಹರಿಯೋದೂ ಇಲ್ಲ. ಅದಕ್ಕೊಂದು ವಹಿ ಇರುತ್ತೆ. ಅದರಲ್ಲಿ ಬರೀತಾರೆ. ಸರಿಪಡಿಸಬೇಕಾದವನು ತಿಂಗಳಿಗೊಮ್ಮೆ ತೆಗೆದು ನೋಡಿ ಅನುಪಾಲನಾ ವರದಿ ಕೊಡ್ತಾನೆ."

ನಾನು ಕೈಪಿಡಿ ತೆರೆದೆ. 2017ರ 8ನೇ ಆವೃತ್ತಿಯಿಂದಲೇ ಅದಿತ್ತು: 'ರಿಡೈರೆಕ್ಟ್-ವಾರ್ನಿಂಗ್ಸ್'. ಅದರ ಮುಂದೆ ಒಂದು ಫೈಲಿನ ಹೆಸರು ಕೊಟ್ಟರೆ ಎಚ್ಚರಿಕೆಗಳೆಲ್ಲ ಪರದೆ ಬಿಟ್ಟು ಆ ಫೈಲಿಗೆ ಹೋಗುತ್ತವೆ. ಫೈಲ್ ಇಲ್ಲದಿದ್ದರೆ ತಾನೇ ಸೃಷ್ಟಿಸಿಕೊಳ್ಳುತ್ತದೆ. ಇದ್ದರೆ ಹಳೆಯದನ್ನು ಅಳಿಸದೆ ಕೆಳಗೆ ಸೇರಿಸುತ್ತ ಹೋಗುತ್ತದೆ. ಫೈಲಿಗೆ ಬರೆಯಲಾಗದಿದ್ದರೆ ಮತ್ತೆ ಪರದೆಗೇ ಬರುತ್ತದೆ. ಈ ಮೂರನೇ ನಿಯಮ ಕೇಳಿ ಮಾವನವರು "ಇದನ್ನು ಬರೆದವನ ತಂದೆ ಆಡಿಟ್‌ನಲ್ಲಿ ಇದ್ದಿರಬೇಕು" ಎಂದರು. ಫೈಲಿಗೆ 'ಆಕ್ಷೇಪಣಾ ವಹಿ' ಎಂದೇ ಹೆಸರಿಟ್ಟೆವು.

ಇತ್ಯರ್ಥವಾದ ಆಕ್ಷೇಪಣೆಗಳಿಗೂ ಒಂದು ಕ್ರಮ ಸಿಕ್ಕಿತು. 20.11 ಆವೃತ್ತಿಯಿಂದ 'ಡಿಸೇಬಲ್-ವಾರ್ನಿಂಗ್' ಎಂಬ ಏಕವಚನದ ಆಪ್ಷನ್ ಬಂದಿದೆ. ಎಲ್ಲವನ್ನೂ ಅಡಗಿಸುವ ಬದಲು ಇಂಥ ಸಂಕೇತದ ಎಚ್ಚರಿಕೆಯೊಂದು ಸಾಕು ಎನ್ನಬಹುದು. ಡಿಇಪಿ 0040ಕ್ಕೆ ನಾನು ಅದನ್ನು ಬಳಸಿದೆ, ಏಕೆಂದರೆ ಅದು ಬೇರೆಯವರ ಪ್ಯಾಕೇಜಿನದು, ಅವರು ಸರಿಪಡಿಸುವವರೆಗೆ ನನ್ನಿಂದ ಆಗುವುದೇನಿಲ್ಲ. ಕಾರಣವನ್ನು ಕೋಡಿನಲ್ಲಿ ಕಾಮೆಂಟಾಗಿ ಬರೆದು ದಿನಾಂಕ ಹಾಕಬೇಕೆಂಬುದು ಮಾವನವರ ಷರತ್ತು. ರುಜು ಕೂಡ ಬೇಕಂತೆ. ಜಾವಾಸ್ಕ್ರಿಪ್ಟಿನಲ್ಲಿ ರುಜು ಹಾಕುವುದು ಹೇಗೆಂದು ತಿಳಿಯದೆ ಹೆಸರು ಟೈಪಿಸಿದ್ದೇನೆ. ಎಸ್‌ಕ್ಯೂಲೈಟ್ ಎಚ್ಚರಿಕೆಯನ್ನು ಮಾತ್ರ ಮುಚ್ಚಲು ಅವರು ಅನುಮತಿ ಕೊಡಲಿಲ್ಲ. ಅದು ನನ್ನ ಸ್ವಂತ ಆಯ್ಕೆ, ಆದ್ದರಿಂದ ಅದರ ಕಂಡಿಕೆ ಬಾಕಿ ಇರಬೇಕು. ಬಾಕಿ ಇದೆ. ಹಾಲಿನ ಲೆಕ್ಕದ ಇನ್ನೊಂದು ಪ್ರತಿ ಇವತ್ತಿಗೂ ಅವರ ನೋಟುಪುಸ್ತಕದಲ್ಲಿದೆ, ಮತ್ತು ಮನೆಯಲ್ಲಿ ಅಧಿಕೃತವಾದದ್ದು ಅದೇ.

ಕಮಾಂಡ್ ಲೈನ್ ಪ್ರೋಗ್ರಾಮ್ ಬರೆಯುವ ಬಂಧುಗಳಲ್ಲಿ ನನ್ನ ವಿನಂತಿ ಇಷ್ಟು. ಬಳಸುವವರ ಕಣ್ಣಿಗೆ ಎಚ್ಚರಿಕೆ ಬೀಳದಂತೆ ನೋಡಿಕೊಳ್ಳುವುದು ಸೌಜನ್ಯ. ಹಾಲಿನ ಲೆಕ್ಕ ಕೇಳಿದವರಿಗೆ ಪ್ಯೂನಿಕೋಡ್ ಕಥೆ ಬೇಡ. ಆದರೆ ನಿಮ್ಮ ಕಣ್ಣಿನಿಂದಲೇ ಅದನ್ನು ಮರೆಮಾಡಿಕೊಳ್ಳುವುದು ಸೌಜನ್ಯವಲ್ಲ, ಸೋಮಾರಿತನ. ಸರಿಪಡಿಸಬಲ್ಲವರಿಗೆ ತಲುಪುವ ಹಾಗೆ ವಿಳಾಸ ಬದಲಿಸಿ. ಮುಚ್ಚಲೇಬೇಕಾದರೆ ಒಂದೊಂದಾಗಿ, ಕಾರಣ ಬರೆದು ಮುಚ್ಚಿ. ಡೆವ್ ನಲ್‌ಗೆ ತಳ್ಳುವ ಮುನ್ನ ನಾಳೆ ಇಂಟರ್ನೆಟ್ ಹೋದರೆ ಏನಾದೀತೆಂದು ಯೋಚಿಸಿ. ಮತ್ತೆ, ಪ್ರೋಗ್ರಾಮನ್ನು ಮನೆಯವರ ಮುಂದೆ ಓಡಿಸುವ ಮೊದಲು ಮಾವನವರು ಯಾವ ಇಲಾಖೆಯಲ್ಲಿದ್ದರು ಎಂದು ಹೆಂಡತಿಯನ್ನು ಒಮ್ಮೆ ಕೇಳಿಕೊಳ್ಳಿ.